ಮೇವಿನ ಜೋಳದ ಲೇಖನ ಕಳಿಸಿದವರಿಗೆ

ನಮಸ್ಕಾರ. ಜೋಳದ ಮೈಟೊಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಭಾಗ) ಮತ್ತು ಅದರ ಆರ್‌ಎನ್‌ಎ ತಿದ್ದುಪಡಿ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲಾಗದು. ಆದರೆ ವಿಷಯ ಕೈಬಿಡಬೇಡಿ. ವಿಜಯಪುರದಂಥ ಹಿಂಗಾರಿ ಜೋಳದ ಸೀಮೆಯಲ್ಲಿ ಕೂತು ಇದನ್ನು ಕನ್ನಡದಲ್ಲಿ ಬರೆಯುವವರು ಬೇಕು.

‘ಆರ್‌ಎನ್‌ಎ ತಿದ್ದಿ ಹೊಸ ತಳಿ ತಯಾರಿಸುತ್ತಾರೆ’ ಎಂದಿದ್ದೀರಿ. ಇದು ತಪ್ಪು, ಓದುಗರು ಜೀನ್ ಎಡಿಟಿಂಗ್ ಎಂದೇ ತಿಳಿಯುತ್ತಾರೆ. ಇಲ್ಲಿ ತಿದ್ದುವುದು ಗಿಡವೇ. ಡಿಎನ್‌ಎ ಇದ್ದಂತೆಯೇ ಇರುತ್ತದೆ. ಅದರಿಂದ ಇಳಿಸಿಕೊಂಡ ನಕಲಾದ ಆರ್‌ಎನ್‌ಎಯಲ್ಲಿ ಆಯ್ದ ಕೆಲವು ‘ಸಿ’ ಅಕ್ಷರಗಳು ಅಮೈನೋ ಗುಂಪು ಕಳಚಿಕೊಂಡು ‘ಯು’ ಆಗುತ್ತವೆ. ಯಾವ ‘ಸಿ’ ಎಂದು ಗುರುತಿಸುವ ಪಿಪಿಆರ್ ಪ್ರೋಟೀನುಗಳ ಜೀನ್‌ಗಳು ಕೋಶಕೇಂದ್ರದಲ್ಲಿವೆ. ‘ಎಸಿಜಿ’ ತಿದ್ದಿ ‘ಎಯುಜಿ’ ಆದರೆ ಪ್ರೋಟೀನು ಶುರುವಾಗುವ ಗುರುತೇ ಅಲ್ಲಿ ಹುಟ್ಟುತ್ತದೆ. ಇದೊಂದು ಉದಾಹರಣೆ ಕೊಡಿ, ನಿಮ್ಮ ಒಂದೂವರೆ ಪುಟದ ವಿವರಣೆ ಬೇಕಾಗದು.

ಮೈಟೊಕಾಂಡ್ರಿಯದ ಡಿಎನ್‌ಎ ‘ಗೋಳಗುಮ್ಮಟದಂತೆ ದುಂಡಗೆ’ ಎಂಬ ಹೋಲಿಕೆ ತೆಗೆಯಿರಿ. ಮನುಷ್ಯನದು 16,569 ಅಕ್ಷರಗಳ ಉಂಗುರ ನಿಜ. ಜೋಳದ್ದು ಸುಮಾರು 4.68 ಲಕ್ಷ ಅಕ್ಷರ. ಅದರಲ್ಲಿ ಜೀನ್‌ಗಳ ಪಾಲು ಸಣ್ಣದು; ಕ್ಲೋರೋಪ್ಲಾಸ್ಟಿನಿಂದ ಬಂದು ಸೇರಿದ ತುಣುಕುಗಳೂ ಇವೆ. ಒಂದೇ ಬಟ್ಟೆಯ ತುಂಡು ಎರಡು ಮೂರು ಕಡೆ ಹೊಲಿದ ಕೌದಿಯ ಹಾಗೆ ಪುನರಾವರ್ತಿತ ಭಾಗಗಳಿವೆ. ಆ ಭಾಗಗಳು ಒಂದಕ್ಕೊಂದು ಬೆಸೆದು ಅದಲುಬದಲಾಗುವುದರಿಂದ ಕೋಶದಲ್ಲಿ ಸಣ್ಣ ಉಂಗುರ, ನೇರ ಎಳೆ, ಕವಲೊಡೆದ ಎಳೆ ಎಲ್ಲವೂ ಸಿಗುತ್ತವೆ. ಚಿತ್ರದಲ್ಲಿ ಬರೆಯುವ ದೊಡ್ಡ ಉಂಗುರ ಓದಿನ ಅನುಕೂಲಕ್ಕೆ. ಚಿಕ್ಕ ಓದುಗಳಿಂದ (ಯಂತ್ರ ಒಮ್ಮೆಗೆ ಓದಿದ ತುಣುಕುಗಳಿಂದ) ಇಡೀ ಡಿಎನ್‌ಎ ಜೋಡಿಸಿದರೆ ಪುನರಾವರ್ತಿತ ಜಾಗದಲ್ಲೇ ದಾರಿ ತಪ್ಪುತ್ತದೆ. ಅಲ್ಲಿ ಆ ಭಾಗವನ್ನು ಇಡಿಯಾಗಿ ದಾಟುವ ಉದ್ದ ಓದು ಬೇಕು.

ನನಗೆ ಹೆಚ್ಚು ಚಿಂತೆ ತಂದದ್ದು ನಿಮ್ಮ ಕೋಷ್ಟಕ. ಎಂ35-1 ಎಂಬ ಹಿಂಗಾರಿ ಜೋಳದ ತಳಿಯ ಆರ್‌ಎನ್‌ಎಯನ್ನು ಬಿಟಿಎಕ್ಸ್623 ಎಂಬ ಬೇರೆ ಜೋಳದ ತಳಿಯ ಡಿಎನ್‌ಎ ಜೊತೆ ಹೋಲಿಸಿ, ಕಂಡ ವ್ಯತ್ಯಾಸವೆಲ್ಲ ತಿದ್ದುಪಡಿ ಎಂದು ಎಣಿಸಿದ್ದೀರಿ. ತಳಿಭೇದವೂ ಅದರಲ್ಲಿ ಸೇರಿರಬಹುದು. ಅದೇ ಗಿಡದ ಡಿಎನ್‌ಎ ಓದಿ ನೋಡದೆ ಯಾವ ಸಾಲನ್ನೂ ಉಳಿಸಬೇಡಿ. ‘ಜಿ’ಯಿಂದ ‘ಎ’ ಆದ ಸಾಲುಗಳಲ್ಲಿ ಜೀನ್ ಡಿಎನ್‌ಎಯ ಎದುರು ಎಳೆಯಲ್ಲಿದ್ದರೆ ಅದೂ ‘ಸಿ’ಯಿಂದ ‘ಯು’ವೇ, ಇಲ್ಲದಿದ್ದರೆ ಹೊಡೆದುಹಾಕಿ. ಇನ್ನೊಂದು, ನೀವು ಬಳಸಿದ ದತ್ತಾಂಶ ತುದಿಯಲ್ಲಿರುವ ‘ಎ’ ಅಕ್ಷರಗಳ ಬಾಲ ಹಿಡಿದು ಆಯ್ದ ಆರ್‌ಎನ್‌ಎಯದು. ಸಸ್ಯದ ಮೈಟೊಕಾಂಡ್ರಿಯದಲ್ಲಿ ಆ ಬಾಲ ಬರುವುದು ಸಾಮಾನ್ಯವಾಗಿ ಒಡೆದುಹೋಗಲಿರುವ ಆರ್‌ಎನ್‌ಎಗೆ. ಆದ್ದರಿಂದ ರೈಬೋಸೋಮಿನ ಆರ್‌ಎನ್‌ಎ ತೆಗೆದು ಸಿದ್ಧಪಡಿಸಿದ ಮಾದರಿಯನ್ನೇ ಹುಡುಕಿ. ಓದುಗಳನ್ನು ಡಿಎನ್‌ಎಗೆ ಹೊಂದಿಸುವಾಗ ಒಪ್ಪುವ ವ್ಯತ್ಯಾಸದ ಮಿತಿ ತೀರ ಬಿಗಿಯಾದರೆ ಹತ್ತಿರಹತ್ತಿರ ಹಲವು ಕಡೆ ತಿದ್ದಿದ ಓದುಗಳೇ ಮೊದಲು ಬಿದ್ದುಹೋಗುತ್ತವೆ. ಪ್ರತಿ ಜಾಗದಲ್ಲೂ ಎಷ್ಟು ಓದುಗಳಿವೆ, ಅವುಗಳಲ್ಲಿ ಎಷ್ಟು ಪ್ರತಿಶತ ತಿದ್ದಿವೆ ಎಂದು ಬರೆಯಿರಿ. ‘ಇದೆ’, ‘ಇಲ್ಲ’ ಸಾಲದು.

ರೈತರಿಗೆ ಇದರಲ್ಲೇನಿದೆ ಎಂಬುದನ್ನು ನೀವು ಕೊನೆಯ ಎರಡು ಸಾಲಿಗೆ ತಳ್ಳಿದ್ದೀರಿ. ಅದನ್ನೇ ಮೇಲೆ ತನ್ನಿ. 1964ರ ಸಿಎಸ್‌ಎಚ್-1 ಸಂಕರಣ ಜೋಳ ನಿಂತದ್ದು ಗಂಡುಬಂಜೆ (ಫಲ ಕಟ್ಟಿಸುವ ಪರಾಗ ಬಾರದ) ತಾಯಿ ತಳಿಯ ಮೇಲೆ, ಆ ಬಂಜೆತನದ ಬೇರು ಮೈಟೊಕಾಂಡ್ರಿಯದಲ್ಲಿದೆ. ಕಾಳಿಗಾಗಿ ಬೆಳೆದರೆ ಪರಾಗ ಮರಳಿಸುವ ತಂದೆ ತಳಿ ಬೇಕೇಬೇಕು. ಹಸಿಮೇವಿಗೆ ಕೊಯ್ಯುವ ಜೋಳದಲ್ಲಿ ತೆನೆ ಬರಡಾದರೂ ನಷ್ಟವಿಲ್ಲ, ಹೀಗಾಗಿ ತಂದೆ ತಳಿಯ ಆಯ್ಕೆ ವಿಸ್ತಾರವಾಗುತ್ತದೆ. ಎ3 ಎಂಬ ಬಂಜೆ ಸಾಲಿನಲ್ಲಿ ಎಟಿಪಿ6 ಎಂಬ ಮೈಟೊಕಾಂಡ್ರಿಯದ ಜೀನ್‌ನ ಆರ್‌ಎನ್‌ಎಯ ತಿದ್ದುಪಡಿ ಪರಾಗಕೋಶದಲ್ಲಿ ತೀರ ಕುಸಿಯುತ್ತದೆಂದು 1997ರಲ್ಲಿ ಹೊವಾಡ್ ಮತ್ತು ಕೆಂಪ್ಕೆನ್ ಎಂಬ ಸಂಶೋಧಕರು ತೋರಿಸಿದರು. ನಿಮ್ಮ ಲೇಖನದ ಜೀವ ಇದೇ. ಆದರೆ ಬಂಜೆತನಕ್ಕೆ ಅದೇ ಕಾರಣ ಎಂದು ಬರೆಯಬೇಡಿ. ಎರಡೂ ಜೊತೆಯಾಗಿ ಕಾಣುತ್ತವೆ ಎಂಬಲ್ಲಿಗೆ ನಿಲ್ಲಿಸಿ.

ಸಾವಿರದೈನೂರು ಪದದೊಳಗೆ, ಕೋಷ್ಟಕ ಅರ್ಧ ಪುಟ ಮೀರದಂತೆ, ಆಗಸ್ಟ್ ಕೊನೆಯೊಳಗೆ ಕಳಿಸಿ. ಹಿಂಗಾರಿ ಬಿತ್ತನೆಯ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಇಟ್ಟಿರುತ್ತೇನೆ.