ಬೇಳೆ ಬಿಟ್ಟರು, ಜ್ಯೂಸ್ ಬಿಡಲಿಲ್ಲ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆದರೆ ಕ್ಲಿನಿಕ್ಕಿನಲ್ಲಿ ಪಥ್ಯ ಹೇಳುವ ನನ್ನ ಹತ್ತಿರ ಇಂಥವರು ವಾರಕ್ಕೆ ಒಬ್ಬರಾದರೂ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ವಯಸ್ಸು 52, ಪೀಣ್ಯದ ಕಡೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್. 9 ವರ್ಷದಿಂದ ಶುಗರ್. ಎತ್ತರ 168 ಸೆಂ.ಮೀ., ತೂಕ 84 ಕೆಜಿ, ಜಾಸ್ತಿ ಇದ್ದದ್ದೆಲ್ಲ ಹೊಟ್ಟೆಯಲ್ಲೇ. ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, 286, ಯೂರಿಕ್ ಆಸಿಡ್ 8.1. ಎರಡಕ್ಕೂ ಯಾರೋ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದರು. ಯೂರಿಕ್ ಆಸಿಡ್ ಜಾಸ್ತಿಯಾದ ಕೆಲವರಿಗೆ ಆಗುವ ಹಾಗೆ ಹೆಬ್ಬೆರಳು ಊದಿಲ್ಲ, ಕೀಲು ನೋವಿಲ್ಲ, ಕಿಡ್ನಿಯಲ್ಲಿ ಕಲ್ಲಿಲ್ಲ. ಆದರೂ ಯೂರಿಕ್ ಆಸಿಡ್ ಏರುತ್ತದೆ ಅಂತ ಮನೆಯಲ್ಲಿ ಬೇಳೆ ಬಂದ್.

"ಎರಡು ತಿಂಗಳಾಯ್ತು ಮೇಡಂ, ಹುಳಿ ಮಾಡಿಲ್ಲ," ಅಂದರು ಅವರ ಹೆಂಡತಿ, ಮಾಡಿದ್ದೇ ತಪ್ಪು ಅನ್ನೋ ಹಾಗೆ.

ಬೇಳೆ ಹೋದ ಜಾಗಕ್ಕೆ ಏನು ಬಂತು ಅಂತ ಕೇಳಿದೆ. ಅನ್ನ ಬಂದಿತ್ತು. ಮೊದಲು ಒಂದು ಮುದ್ದೆ, ಜೊತೆಗೆ ಗಟ್ಟಿ ಸಾರು. ಈಗ ತಿಳಿಸಾರನ್ನ, ಆಮೇಲೆ ಮಜ್ಜಿಗೆ ಅನ್ನ, ಇಷ್ಟಾದರೂ ಹತ್ತು ಗಂಟೆಗೆ ಹಸಿವಾಗುತ್ತದೆ ಅಂತ ನಾಲ್ಕು ರಸ್ಕ್.

"ಬೇರೆ ಏನಾದ್ರೂ?"

"ಏನಿಲ್ಲ ಮೇಡಂ."

"ಜ್ಯೂಸ್ ವಿಷ್ಯ ಹೇಳ್ರೀ," ಅಂದರು ಹೆಂಡತಿ.

ಸಂಜೆ ವಾಕಿಂಗ್ ಮುಗಿಸಿ ಪಾರ್ಕಿನ ಗೇಟ್ ಪಕ್ಕ ದೊಡ್ಡ ಲೋಟ ಮೂಸಂಬಿ, ದಿನಾ. "ಸಕ್ಕರೆ ಹಾಕಿಸಲ್ಲ ಮೇಡಂ. ಐಸೂ ಬೇಡ ಅಂತೀನಿ." ಆ ಐಸಿನ ಬಗ್ಗೆ ಅವರಿಗಿದ್ದ ಹೆಮ್ಮೆ ನೋಡಬೇಕಿತ್ತು. ಲೋಟಕ್ಕೆ ಎಷ್ಟು ಹಣ್ಣು? ಮೂರು, ಒಂದೊಂದ್ಸಲ ನಾಲ್ಕು. ಕೂತು ನಾಲ್ಕು ಮೂಸಂಬಿ ಸುಲಿದು ತಿನ್ನುತ್ತೀರಾ ಅಂದೆ.

"ಅಯ್ಯೋ, ಒಂದಕ್ಕೇ ಸಾಕಾಗುತ್ತೆ."

ಅಲ್ಲೇ ಇರೋದು ವಿಷಯ. ಹಣ್ಣಿನ ಸಕ್ಕರೆಯಲ್ಲಿ ಫ್ರಕ್ಟೋಸ್ ಇರುತ್ತದೆ. ಗಟಗಟ ಕುಡಿದಾಗ ಅಷ್ಟೂ ಒಂದೇ ಸಲ ಲಿವರ್ ಮೇಲೆ ಬೀಳುತ್ತದೆ, ಲಿವರ್ ಅದನ್ನು ಅರಗಿಸುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ, ಜಾಸ್ತಿಯಾದದ್ದು ಕೊಬ್ಬಾಗಿ ಟ್ರೈಗ್ಲಿಸರೈಡ್ ಏರುತ್ತದೆ. ಮೇಲಿಂದ ಹೊಟ್ಟೆಯ ಬೊಜ್ಜು. ಅದರಿಂದ ಇನ್ಸುಲಿನ್ ಸರಿಯಾಗಿ ನಾಟದೆ ರಕ್ತದಲ್ಲೇ ಹೆಚ್ಚಾಗಿ ಉಳಿದಾಗ ಕಿಡ್ನಿ ಯೂರಿಕ್ ಆಸಿಡನ್ನು ಹೊರಗೆ ಬಿಡುವುದನ್ನೂ ಕಡಿಮೆ ಮಾಡುತ್ತದೆ. ಇವರು ಮೂರು ಕಾಯಿಲೆ ಅಂದುಕೊಂಡು ಮೂರು ಪಥ್ಯ ಹುಡುಕುತ್ತಿದ್ದರು.

ಹೇಳಿದ್ದು ಇಷ್ಟು. ಬೇಳೆ ವಾಪಸ್ ಬರಲಿ. ಯೂರಿಕ್ ಆಸಿಡ್ ಏರಿಸುವುದರಲ್ಲಿ ಲಿವರ್, ಮಟನ್, ಬಿಯರ್ ಎಲ್ಲಿ, ತೊಗರಿಬೇಳೆ ಎಲ್ಲಿ? ಜ್ಯೂಸ್ ನಿಲ್ಲಲಿ, ಬೇಕಾದರೆ ಒಂದು ಹಣ್ಣು ತಿನ್ನಿ. ತೂಕ ನಾಲ್ಕು ಕೆಜಿ ಇಳಿದರೆ ಸದ್ಯಕ್ಕೆ ಸಾಕು, ಅದೂ ನಿಧಾನವಾಗಿ. ಉಪವಾಸ ಬಿದ್ದು ದಿಢೀರ್ ಅಂತ ಇಳಿಸಿದರೆ ಯೂರಿಕ್ ಆಸಿಡ್ ಇನ್ನೂ ಏರುತ್ತದೆ, ಶುಗರ್ ಮಾತ್ರೆ ನುಂಗುವವರಿಗೆ ಲೋ ಶುಗರ್ ಭಯ ಬೇರೆ.

ಯೂರಿಕ್ ಆಸಿಡ್‌ಗೆ ಮಾತ್ರೆ ಯಾಕೆ ಬೇಡ ಅಂದ್ರಿ ಅಂತ ಕೇಳುವವರಿದ್ದಾರೆ. ನಾನು ಬೇಡ ಅನ್ನಲಿಲ್ಲ, ಮಾತ್ರೆ ನನ್ನ ಕೆಲಸವಲ್ಲ. ನೋವೂ ಕಲ್ಲೂ ಇಲ್ಲದ್ದಕ್ಕೆ ಡಾಕ್ಟರೇ ಬರೆಯಲಿಲ್ಲ.

ನಾಲ್ಕು ತಿಂಗಳಿಗೆ ತೂಕ 79.5, ಟ್ರೈಗ್ಲಿಸರೈಡ್ 190. ಯೂರಿಕ್ ಆಸಿಡ್ 7.2, ಇನ್ನೂ ಸ್ವಲ್ಪ ಮೇಲೇ.

ನನ್ನನ್ನು ಕಾಡಿದ್ದು ಆ ಮೊದಲ ದಿನವೇ. ಬೇಳೆ ಬಿಡಿ ಅಂತ ಹೇಳಿದ್ದು ಯಾರು ಅಂತ ಸ್ವಲ್ಪ ಜೋರಾಗೇ ಕೇಳಿದ್ದೆ. ಹೆಂಡತಿ ಪರ್ಸಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಕ್ಲಿನಿಕ್ಕಿನದೇ ಪಥ್ಯದ ಹಾಳೆ. ಪೆನ್ನು ತಗೊಂಡು ಆ ಸಾಲು ಹೊಡೆದು ಹಾಕಿದೆ. ಹೊರಗೆ ಕೌಂಟರ್ ಮೇಲೆ ಇನ್ನೂ ಒಂದು ಕಟ್ಟು ಇತ್ತು.