ತೆರಿಗೆ ತಕರಾರು: ಡೆಡ್‌ಲೈನು ನಮಗಷ್ಟೇನಾ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಾ ಟ್ಯಾಕ್ಸ್ ಪ್ರಾಕ್ಟೀಸ್ ಮಾಡ್ತೀನ್ರಿ. ನನ್ನ ಕ್ಲೈಂಟ್ ಒಬ್ಬಾಂವ ಮೊದ್ಲು ಕೆಲಸಾ ಮಾಡ್ತಿದ್ದ ಕಂಪ್ನಿಯವ್ರು ಪಗಾರದಾಗ ಟಿಡಿಎಸ್ ಹಿಡದಾರ, ಆದ್ರ ಸರ್ಕಾರಕ್ಕ ಕಟ್ಟಿಲ್ಲ, ಈಗ ಕಂಪ್ನಿನೂ ಬಾಗಿಲಾ ಹಾಕೇತಿ. ಹಿಡಿದ ಟ್ಯಾಕ್ಸ್ ಎಷ್ಟು ಜಮಾ ಆಗೇತಿ ಅಂತ ತೋರ್ಸೋ 26ಎಎಸ್ ಫಾರ್ಮ್‌ನಾಗ ಸೊನ್ನಿ. ಇಲಾಖೆಯವ್ರು ಬಡ್ಡಿ ಸಮೇತ ಇವನ ಹೆಸರಿಗೇ ಡಿಮ್ಯಾಂಡ್ ಹಾಕಿ ಮುಂದಿನ ವರ್ಷದ ರೀಫಂಡ್‌ನೂ ಅದಕ್ಕ ಜಮಾ ಮಾಡ್ಕೊಂಡಾರ್ರಿ. ತಪ್ಪು ತಿದ್ರಿ ಅಂತ ರೆಕ್ಟಿಫಿಕೇಶನ್ ಅರ್ಜಿ ಹಾಕಿದ್ರ ಅದೇ ಆರ್ಡರ್ ತಿರುಗಿ ಬರ್ತೈತಿ, ವಾರ್ಡ್ ಆಫೀಸಿಗೆ ಹೋದ್ರ ಪ್ರೊಸೆಸಿಂಗ್ ಸೆಂಟರ್ ಕೇಳ್ರಿ ಅಂತಾರ, ಅಲ್ಲಿ ಫೋನ್ ಹಚ್ಚಿದ್ರ ನಿಮ್ಮ ಆಫೀಸರ್ ಕೇಳ್ರಿ ಅಂತಾರ, ಗ್ರೀವೆನ್ಸ್ ಹಾಕಿದ್ರ ‘ರಿಸಾಲ್ವ್ಡ್’ ಅಂತ ಮೆಸೇಜ್ ಬಂತು, ಏನ್ ರಿಸಾಲ್ವ್ ಆತೋ ದೇವ್ರಿಗೇ ಗೊತ್ತು. ಕ್ಲೈಂಟ್ ಅಂತೂ ಫೀಸ್ ತಗೊಂಡು ಕೆಲಸಾ ಮಾಡ್ಲಿಲ್ಲ ಅಂತ ಊರೆಲ್ಲಾ ಹೇಳ್ಕೋತ ಅಡ್ಡಾಡಾಕತ್ತಾನ. ಇವ್ರನ್ನ ಕೇಳೋರು ಯಾರೂ ಇಲ್ಲೇನ್ರಿ?
– ಹೆಸರು ಬ್ಯಾಡ್ರಿ, ರಾಣೇಬೆನ್ನೂರು

ಉತ್ತರ: ಕೇಳೋರು ಅಂತ ಒಬ್ರಿದ್ರು ಸ್ವಾಮಿ. ಇನ್‌ಕಂ ಟ್ಯಾಕ್ಸ್ ಒಂಬುಡ್ಸ್‌ಮನ್ ಅಂತ 2003ರಲ್ಲಿ ಶುರುವಾಗಿತ್ತು, 2019ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ರದ್ದು ಮಾಡ್ತು. ದೂರು ಕೊಡೋಕೆ ಜನ ಈಗ ಬೇರೆ ದಾರಿ ಹಿಡಿದಿದಾರೆ ಅನ್ನೋದು ಕೊಟ್ಟ ಕಾರಣ. ಆ ಬೇರೆ ದಾರೀಲೇ ನಿಮಗೆ ‘ರಿಸಾಲ್ವ್ಡ್’ ಬಂದಿರೋದು.

ಕಾನೂನು ನಿಮ್ ಕ್ಲೈಂಟ್ ಪರ ಗಟ್ಟಿಯಾಗೇ ಇದೆ. 1961ರ ಕಾಯ್ದೆಯ ಸೆಕ್ಷನ್ 205 ಪ್ರಕಾರ ಸಂಬಳದಲ್ಲಿ ಟ್ಯಾಕ್ಸ್ ಹಿಡಿದಾದ್ಮೇಲೆ ಅಷ್ಟು ದುಡ್ಡನ್ನ ನೌಕರನ ಹತ್ರ ಮತ್ತೆ ಕೇಳೋ ಹಾಗಿಲ್ಲ, ಕಟ್ಟದೇ ಇದ್ದ ಕಂಪ್ನಿ ಹಿಂದೆ ಬೀಳ್ಬೇಕು. ಇಲಾಖೆಯ ಮೇಲಿರೋ ಮಂಡಳಿ ಸಿಬಿಡಿಟಿನೇ ಇದನ್ನ ತನ್ನ ಆಫೀಸರ್‌ಗಳಿಗೆ 2015ರ ಜೂನ್‌ನಲ್ಲಿ ಒಂದ್ಸಲ, 2016ರ ಮಾರ್ಚ್ 11ಕ್ಕೆ ಇನ್ನೊಂದ್ಸಲ ಬರೆದು ಹೇಳಿದೆ. ಆದ್ರೆ ಕಂಪ್ಯೂಟರ್‌ಗೆ ಕಾಣೋದು 26ಎಎಸ್ ಮಾತ್ರ, ಸೆಕ್ಷನ್ 205 ಅಲ್ಲ.

ಪೋರ್ಟಲ್‌ನಲ್ಲಿ ‘ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್’ಗೆ ಹೋಗಿ ಡಿಸ್‌ಅಗ್ರೀ ಒತ್ತಿ, ಸಾಕಾಗಿ ಹೋಯ್ತು ಅಂತ ಅಪ್ಪಿತಪ್ಪಿ ಅಗ್ರೀ ಒತ್ಬೇಡಿ. ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಕೊಂಡು ತಿಂಗಳು ತಿಂಗಳದ್ದೂ ಪೂರ್ತಿ ಸಂಬಳ ಎಷ್ಟು, ಹಿಡಿದಿದ್ದೆಷ್ಟು, ಖಾತೆಗೆ ಬಿದ್ದಿದ್ದೆಷ್ಟು ಅಂತ ಒಂದೇ ಹಾಳೇಲಿ ತಾಳೆ ಹಾಕಿ, ಅದರ ಜೊತೆ ಸೆಕ್ಷನ್ 154ರ ರೆಕ್ಟಿಫಿಕೇಶನ್ ಅರ್ಜಿ ವಾರ್ಡ್ ಆಫೀಸಲ್ಲಿ ಕೈಯಾರೆ ಕೊಟ್ಟು ಇನ್‌ವರ್ಡ್ ಸೀಲ್ ಹಾಕಿಸ್ಕೊಳ್ಳಿ. ಅರ್ಜಿ ಬಂದ ತಿಂಗಳು ಮುಗಿದ ಮೇಲೆ ಆರು ತಿಂಗಳೊಳಗೆ ಆರ್ಡರ್ ಮಾಡ್ಬೇಕು ಅಂತ ಅದೇ ಸೆಕ್ಷನ್ ಹೇಳುತ್ತೆ. ಮಾಡ್ಲಿಲ್ಲ ಅಂದ್ರೆ? ದಂಡ ಏನೂ ಇಲ್ಲ. ನಿಮ್ ಕ್ಲೈಂಟ್ ರಿಟರ್ನ್ ಒಂದಿನ ಲೇಟ್ ಮಾಡಿದ್ರೆ 5,000 ರೂಪಾಯಿವರೆಗೆ ಫೀಸು, ಬಾಕಿ ಟ್ಯಾಕ್ಸಿಗೆ ತಿಂಗಳಿಗೆ ಶೇ. 1 ಬಡ್ಡಿ, ಅವರು ರೀಫಂಡ್ ಲೇಟ್ ಮಾಡಿದ್ರೆ ಕೊಡೋದು ಅರ್ಧ ಪರ್ಸೆಂಟು, ಅದೂ ಆಫೀಸರ್ ಜೇಬಿಂದಲ್ಲ. ನನ್ನ ಕೇಳಿದ್ರೆ ರೋಗ ಇರೋದು ಇಲ್ಲೇ, ಆಫೀಸರ್‌ಗಳು ಕೆಟ್ಟೋರು ಅಂತಲ್ಲ, ತಪ್ಪು ಮಾಡಿದ್ರೆ ಯಾರಿಗೂ ಏನೂ ಆಗಲ್ಲ.

ಆದ್ರೂ ಆ ಸೀಲ್ ಬೇಕೇ ಬೇಕು. ಆರು ತಿಂಗಳು ದಾಟಿದ ಮೇಲೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಹಾಕೋದಾದ್ರೆ ವಕೀಲರು ಮೊದಲು ಕೇಳೋದೇ ಅದನ್ನ. ಕ್ಲೈಂಟಿಗೆ ಪ್ರತಿ ಅರ್ಜಿ ಕಾಪೀನೂ ವಾಟ್ಸಾಪ್ ಮಾಡ್ತಾ ಇರಿ, ಬಾಯಿ ಸ್ವಲ್ಪ ಮುಚ್ಕೋತಾನೆ.

ಪ್ರಶ್ನೆ: ಆದಾಯ ಕಡಿಮೆ ಇದ್ದೋರಿಗೆ ಟ್ಯಾಕ್ಸ್ ಬಿಡೋ ಸೆಕ್ಷನ್ 87ಎ ರಿಬೇಟನ್ನ ಸಾಫ್ಟ್‌ವೇರೇ ತಗೊಳ್ಳಲ್ಲ ಅಂದ್ರೆ ಕಾನೂನು ಬರೆಯೋದು ಪಾರ್ಲಿಮೆಂಟಾ, ಪ್ರೋಗ್ರಾಮರ್ರಾ?
– ಓದುಗ, ಶಿವಮೊಗ್ಗ

ಉತ್ತರ: ಬಾಂಬೆ ಹೈಕೋರ್ಟ್ ಮುಂದೆ ಬಂದಿದ್ದೂ ಹೆಚ್ಚುಕಮ್ಮಿ ಇದೇ ಪ್ರಶ್ನೆ. 2024ರ ಜುಲೈ 5ರವರೆಗೆ ಶೇರಿನ ಶಾರ್ಟ್ ಟರ್ಮ್ ಲಾಭದ ಮೇಲಿನ ಟ್ಯಾಕ್ಸಿಗೂ ರಿಬೇಟ್ ಸಿಗ್ತಿತ್ತು, ಆಮೇಲೆ ಯುಟಿಲಿಟಿ, ಅಂದ್ರೆ ರಿಟರ್ನ್ ತುಂಬೋ ಸಾಫ್ಟ್‌ವೇರು, ಬದಲಾಯ್ತು, ಕಾಯ್ದೇಲಿ ಒಂದಕ್ಷರಾನೂ ಬದಲಾಗಿರ್ಲಿಲ್ಲ. ಜುಲೈ 4ಕ್ಕೆ ಫೈಲ್ ಮಾಡಿದ ಅಣ್ಣಂಗೆ ಸಿಕ್ಕಿದ್ದು 6ಕ್ಕೆ ಫೈಲ್ ಮಾಡಿದ ತಮ್ಮಂಗಿಲ್ಲ. ಕ್ಲೇಮ್ ಒಪ್ಪೋದು ಬಿಡೋದು ಆಮೇಲಿನ ಮಾತು, ಕೇಳೋಕೂ ಬಿಡದೆ ತಡೆಯೋ ಹಾಗಿಲ್ಲ ಅಂತ ಕೋರ್ಟ್ ಹೇಳಿದ ಮೇಲೆ 2025ರ ಜನವರಿ 15ರವರೆಗೆ ಮತ್ತೆ ಫೈಲ್ ಮಾಡೋಕೆ ಬಿಟ್ರು. ಹಾಗೆ ಕೇಳಿದೋರಿಗೆ ಆಮೇಲೆ ಡಿಮ್ಯಾಂಡ್ ಬಂದಿದ್ದೂ ಉಂಟು.

ಪ್ರಶ್ನೆ: ಈ ಸಲ ರಿಟರ್ನ್ ಹಾಕೋ ಡೇಟ್ ಎಕ್ಸ್‌ಟೆಂಡ್ ಆಗುತ್ತಾ ಸರ್?
– ಅಕೌಂಟೆಂಟ್, ತುಮಕೂರು

ಉತ್ತರ: 2025ರಲ್ಲಿ ಸೆಪ್ಟೆಂಬರ್ 15ರ ರಾತ್ರಿ, ಇನ್ನೇನು ದಿನ ಮುಗೀತು ಅನ್ನುವಾಗ, ಒಂದೇ ಒಂದು ದಿನ ಕೊಟ್ರು. ಆಡಿಟ್ ರಿಪೋರ್ಟ್ ಡೇಟಿಗಂತೂ ರಾಜಸ್ಥಾನ, ಕರ್ನಾಟಕ ಹೈಕೋರ್ಟುಗಳೇ ಹೇಳ್ಬೇಕಾಯ್ತು. ಇಂಥದ್ದನ್ನ ನಂಬ್ಕೊಂಡು ಕೂರ್ಬೇಡಿ. ನಾನಂತೂ ಜುಲೈ 15 ದಾಟಿದ ಮೇಲೆ ಪೇಪರ್ ತಂದೋರಿಗೆ ಫೀಸ್ ಜಾಸ್ತಿ ಹಾಕ್ತೀನಿ, ಬೈಕೊಂಡೇ ಕೊಡ್ತಾರೆ.