ಬಗ್‌ಜಿಲ್ಲಾವನ್ನು ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಬದಲಾಯಿಸುವುದು ಕಷ್ಟವೇ?

ನಿಮ್ಮ ಆಫೀಸಿನಲ್ಲಿ ಸಾಫ್ಟ್‌ವೇರಿನ ದೂರುಗಳನ್ನು ದಾಖಲಿಸುವ ಬಗ್‌ಜಿಲ್ಲಾವನ್ನು ಮೈಎಸ್‌ಕ್ಯೂಎಲ್ ಡೇಟಾಬೇಸಿನಿಂದ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ತರಬೇಕು, ಕೋಡನ್ನು ಎಷ್ಟು ತಿದ್ದಬೇಕಾದೀತು ಎಂದು ಕೇಳಿದ್ದೀರಿ. ಬಗ್‌ಜಿಲ್ಲಾದ ಸ್ವಂತ ಕೋಡಿಗೆ ಕೈಹಾಕುವುದೇ ಬೇಡ. ಕಾಟ ಕೊಡುವುದು ನೀವು ಅದಕ್ಕೆ ಅಂಟಿಸಿಕೊಂಡದ್ದು. ಕಾಸರಗೋಡಿನ ನಮ್ಮ ಸಣ್ಣ ಆಫೀಸಿನಲ್ಲಿ ಇದೇ ಕೆಲಸಕ್ಕೆ ಎರಡು ರಾತ್ರಿ ನಿದ್ದೆಗೆಟ್ಟವನು ನಾನು.

ಮೊದಲು ಹೀಗಿರಲಿಲ್ಲ. 1998ರಲ್ಲಿ ಬಗ್‌ಜಿಲ್ಲಾ ಎಲ್ಲರ ಕೈಗೆ ಬಂದಾಗ ಅದಕ್ಕೆ ಗೊತ್ತಿದ್ದದ್ದು ಮೈಎಸ್‌ಕ್ಯೂಎಲ್ ಒಂದೇ. 2005ರ 2.20ರಲ್ಲಿ ಪೋಸ್ಟ್‌ಗ್ರೆಸ್ ಪ್ರಾಯೋಗಿಕವಾಗಿ ಸೇರಿತು, ಆಮೇಲೆ ಆರಕಲ್, ಎಸ್‌ಕ್ಯೂಲೈಟ್. ಒಂದೊಂದು ಡೇಟಾಬೇಸಿಗೆ ಒಂದೊಂದು ತರ ಹೇಳಬೇಕಾದ್ದನ್ನೆಲ್ಲ ಡಿಬಿ ಮಾಡ್ಯೂಲ್ ಎಂಬ ಒಂದೇ ಕೋಡಿನ ಭಾಗದೊಳಗೆ ತಳ್ಳಿದರು. ಹತ್ತು ಸಾಲು ಬಿಟ್ಟು ಮುಂದಿನ ಇಪ್ಪತ್ತು ಬೇಕೆಂದರೆ ಮೈಎಸ್‌ಕ್ಯೂಎಲ್‌ನಲ್ಲಿ 'ಲಿಮಿಟ್ 10, 20' ನಡೆಯುತ್ತದೆ. ಪೋಸ್ಟ್‌ಗ್ರೆಸ್‌ಗೆ 'ಲಿಮಿಟ್ 20 ಆಫ್‌ಸೆಟ್ 10' ಅನ್ನಬೇಕು. ಈಗ ಕೋಡು ಎಸ್‌ಕ್ಯೂಎಲ್_ಲಿಮಿಟ್ ಎಂದು ಕರೆದರೆ ಸಾಕು, ಉಳಿದದ್ದು ಆಯಾ ಡೇಟಾಬೇಸಿಗೆಂದು ಅದರಲ್ಲಿ ಬರೆದಿಟ್ಟ ಡ್ರೈವರಿನ ಪಾಡು. ಆರಕಲ್ ಡ್ರೈವರಿನ ಪಾಡಂತೂ ಕೇಳಬೇಡಿ: ಆರಕಲ್‌ಗೆ ಖಾಲಿ ಅಕ್ಷರಸಾಲೂ ನಲ್ಲೂ (ಏನನ್ನೂ ತುಂಬಿಲ್ಲ ಎನ್ನುವ ಗುರುತು) ಒಂದೇ ಆದ್ದರಿಂದ, ಖಾಲಿ ಎನ್ನುವುದಕ್ಕೇ ಒಂದು ಗುರುತಿನ ಪದ ಬರೆದಿಡುತ್ತದೆ.

ಡೇಟಾ ಸಾಗಿಸಲು ಕಾಂಟ್ರಿಬ್ ಫೋಲ್ಡರಿನಲ್ಲಿ ಬಿಝಡ್‌ಡಿಬಿಕಾಪಿ ಎಂಬ ಸ್ಕ್ರಿಪ್ಟ್ ಇದೆ. ಮೊದಲು ಪೋಸ್ಟ್‌ಗ್ರೆಸ್ ಮೇಲೆ ಚೆಕ್‌ಸೆಟಪ್ ಎಂಬ ಬಗ್‌ಜಿಲ್ಲಾದ ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸಿ ಖಾಲಿ ಟೇಬಲ್‌ಗಳನ್ನು ಮಾಡಿಸಿಕೊಳ್ಳಿ, ನಂತರ ಬಿಝಡ್‌ಡಿಬಿಕಾಪಿ ಓಡಿಸಿ. ನಮ್ಮಲ್ಲಿ ಅದು ಸಲೀಸಾಗಿ ಮುಗಿಯಿತು.

ನಾವು ಅಡಿಕೆ ಖರೀದಿಯ ಲೆಕ್ಕದ ಸಾಫ್ಟ್‌ವೇರ್ ಮಾಡುವವರು. ಯಾವ ದೂರು ಯಾವ ಸೊಸೈಟಿಯದ್ದು ಎಂದು ಬರೆದಿಡಲು ನಾನೇ ಒಂದು ಟೇಬಲ್ ಸೇರಿಸಿದ್ದೆ. ಆ ಟೇಬಲ್ ಸ್ಕ್ರಿಪ್ಟಿಗೆ ಗೊತ್ತಿಲ್ಲ, ಹಾಗಾಗಿ ಕೈಯಲ್ಲೇ ಸಾಗಿಸಿದೆ, ಹಳೆಯ ನಂಬರುಗಳ ಸಮೇತ. ಮರುದಿನ ಬೆಳಿಗ್ಗೆ ಮೊದಲ ಹೊಸ ದಾಖಲೆಗೇ 'ಡೂಪ್ಲಿಕೇಟ್ ಕೀ', ಅಂದರೆ ಈ ನಂಬರ್ ಆಗಲೇ ಇದೆ, ಎಂದು ಎರರ್ ಬಿತ್ತು. ಸಾಲುಗಳೆಲ್ಲ ಬಂದಿದ್ದವು, ಆದರೆ ಮುಂದಿನ ನಂಬರ್ ಕೊಡುವ ಸೀಕ್ವೆನ್ಸ್ ಇನ್ನೂ ಒಂದರಲ್ಲೇ ಕೂತಿತ್ತು! ಸೆಟ್‌ವಾಲ್ ಎಂಬ ಪೋಸ್ಟ್‌ಗ್ರೆಸ್ ಫಂಕ್ಷನ್ ಕೊಟ್ಟು ಅದನ್ನು ಕೊನೆಯ ನಂಬರಿಗೆ ತಂದ ಮೇಲೆ ಸರಿಹೋಯಿತು.

ಇನ್ನೊಂದು ತೊಂದರೆ ಪತ್ತೆಯಾಗಲು ವಾರ ಹಿಡಿಯಿತು, ಎರರ್ ಏನೂ ಬಾರದ್ದರಿಂದ. ನಾನು ಬರೆದ ರಿಪೋರ್ಟಿನಲ್ಲಿ ಬದಿಯಡ್ಕ ಸೊಸೈಟಿಯ ದೂರುಗಳು ಅರ್ಧ ಮಾಯ. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ದೊಡ್ಡ 'ಬಿ' ಹಾಕಿದ್ದರು, ಕೆಲವರು ಸಣ್ಣದು. ಮೈಎಸ್‌ಕ್ಯೂಎಲ್‌ನಲ್ಲಿ ಸಾಮಾನ್ಯವಾಗಿ ಎರಡೂ ಒಂದೇ, ಪೋಸ್ಟ್‌ಗ್ರೆಸ್‌ಗೆ ಬೇರೆಬೇರೆ. ಕನ್ನಡದಲ್ಲೋ ಮಲೆಯಾಳದಲ್ಲೋ ಬರೆದವು ಮಾತ್ರ ಒಂದೂ ತಪ್ಪಲಿಲ್ಲ. ಆ ಲಿಪಿಗಳಿಗೆ ಈ ದೊಡ್ಡ-ಸಣ್ಣದರ ಗೊಡವೆಯೇ ಇಲ್ಲವಲ್ಲ. ಹೋಲಿಕೆಯ ಎರಡೂ ಕಡೆ, ಎಲ್ಲವನ್ನೂ ಸಣ್ಣ ಅಕ್ಷರಕ್ಕೆ ಇಳಿಸುವ ಲೋವರ್ ಹಾಕಿ ತಿದ್ದಿದೆ.

ನೀವು ಸೇರಿಸಿದ ಟೇಬಲ್, ರಿಪೋರ್ಟ್ ಎಷ್ಟಿವೆ ಎಂದು ಮೊದಲು ಪಟ್ಟಿ ಮಾಡಿ, ಇಲ್ಲಿ ಬರೆಯಿರಿ, ನೋಡೋಣ. ಅಲ್ಲಿಯವರೆಗೆ ಹಳೆಯ ಮೈಎಸ್‌ಕ್ಯೂಎಲ್ ಅಳಿಸಬೇಡಿ.